ಪ್ರೊಜೆಕ್ಟರ್ ಹುಡುಗ ತೋರಿಸಿದ ಆಫ್ರಿಕಾ: ನಿಮ್ಮ ಊರಿಗೂ ಕರೆಸಬಹುದಾ?

ಊರಿಗೇ ಬಂದು ಬೇಸಾಯದ ವಿಡಿಯೊ ತೋರಿಸುವ ಹುಡುಗನೊಬ್ಬ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಓಡಾಡುತ್ತಿದ್ದಾನೆ. ಬೈಕಿನ ಹಿಂದೆ ಚಿಕ್ಕ ಪ್ರೊಜೆಕ್ಟರ್, ಬ್ಯಾಟರಿ, ಮಡಚುವ ಸೋಲಾರ್ ಪ್ಲೇಟು, ಒಂದು ಸ್ಪೀಕರ್ ಕಟ್ಟಿಕೊಂಡು ಬರುತ್ತಾನೆ. ಒಂದು ಸಂಜೆಗೆ 800 ರೂಪಾಯಿ. ಪೆಟ್ರೋಲು ಅವನದು, ಚಹಾ ನಮ್ಮದು. ತೋರಿಸುವುದು ಬಹುಪಾಲು ಆಫ್ರಿಕಾದ ರೈತರ ವಿಡಿಯೊ. ಅದೂ ಸಾವಯವ ಬೇಸಾಯದ್ದು, ಅಂದರೆ ಸರ್ಕಾರಿ (ರಾಸಾಯನಿಕ) ಗೊಬ್ಬರ, ಎಣ್ಣೆ (ಕೀಟನಾಶಕ) ಹೊಡೆಯುವ ಗೊಡವೆ ಇಲ್ಲದ್ದು. ನಮ್ಮ ಹೆಣ್ಣುಮಕ್ಕಳ ಸಂಘದವರು ಕರೆಸಿ ನೋಡಿದ್ದೇವೆ. ಆಮೇಲಿಂದ ಬೇರೆ ಊರಿನ ಸಂಘದವರು ಫೋನ್ ಮಾಡಿ, ಕರೆಸೋಣವಾ ಬೇಡವಾ ಅಂತ ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿದರಾಯಿತು ಅಂತ ಬರೆಯುತ್ತಿದ್ದೇನೆ. ಅವನ ಹೆಸರು, ನಂಬರು ಇಲ್ಲಿ ಹಾಕುವುದಿಲ್ಲ. ಸಂಘಗಳ ಒಕ್ಕೂಟದಲ್ಲಿ ಕೇಳಿದರೆ ಕೊಡುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ: ಕರೆಸಿ. ಆದರೆ ಕೆಲವು ಮಾತು ಮುಂಚೆಯೇ ಆಡಿಕೊಂಡು ಕರೆಸಿ.

ನಮ್ಮದು ಕುಷ್ಟಗಿ ತಾಲೂಕಿನ ಮಸಾರಿ (ಕೆಂಪು ಮಣ್ಣಿನ) ನೆಲದ ಊರು. ಸಜ್ಜೆ, ತೊಗರಿ, ಶೇಂಗಾ, ಈಚೆಗೆ ಮೆಕ್ಕೆಜೋಳ. ಬೋರಿನಲ್ಲಿ ನೀರಿದ್ದವರು ದಾಳಿಂಬೆ ಹಾಕುತ್ತಾರೆ, ಇಲ್ಲದವರು ಮುಗಿಲು ನೋಡುತ್ತಾರೆ. ಆಫ್ರಿಕಾದ್ದು ತೋರಿಸುತ್ತಾನಂತೆ ಅಂದ ಕೂಡಲೇ ನಮ್ಮ ಸಂಘದ ಹಿರಿಯಾಕೆ ಮೂಗು ಮುರಿದಳು. "ಆಫ್ರಿಕಾದಾಗ ಏನೈತವಾ ನೋಡಾಕ? ಅಲ್ಲೂ ಬರ, ಇಲ್ಲೂ ಬರ."

ನನ್ನ ಕೇಳಿದರೆ, ನೋಡಬೇಕಾದ್ದು ಅದಕ್ಕೇ. ನಾವು ಇಸ್ರೇಲ್ ಮಾದರಿ, ಇಸ್ರೇಲ್ ಮಾದರಿ ಅಂತ ಕೇಳಿ ಕೇಳಿ ಕಿವಿ ತೂತಾಗಿದೆ. ರಾಜ್ಯದ ಬಜೆಟ್‌ನಲ್ಲೂ ಅದರ ಹೆಸರು ಬಂತು, ನಾಯಕರು ಹೋಗಿ ಫೋಟೊ ತೆಗೆಸಿಕೊಂಡೂ ಬಂದರು. ಅಲ್ಲಿನ ಪೈಪು, ಟ್ಯಾಂಕು, ಪಾಲಿಹೌಸ್ ಎಲ್ಲ ಚೆಂದ. ನಮ್ಮ ಎರಡು ಎಕರೆ ಒಣ ಹೊಲಕ್ಕೆ ಅದರಿಂದ ಏನು ಬಂತು? ಸಜ್ಜೆ ನಮ್ಮದೇ ಅಂದುಕೊಂಡಿದ್ದೇವೆ. ಅದರ ತವರು ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಜೋಳ ಬಂದದ್ದು ಆಫ್ರಿಕಾದ ಈಶಾನ್ಯದಿಂದ, ರಾಗಿ ಇಥಿಯೋಪಿಯಾ, ಉಗಾಂಡಾದ ಎತ್ತರದ ನೆಲದಿಂದ. ಅಲಸಂದೆಯೂ ಅಲ್ಲಿಯದೇ. ಬೆಳೆ ಒಂದೇ, ಮಳೆಯ ಆಟ ಒಂದೇ, ಹೊಲದ ಅಳತೆಯೂ ಹೆಚ್ಚು ಕಡಿಮೆ ಒಂದೇ. ಹಾಗಿದ್ದಮೇಲೆ ಕಲಿಯುವುದಾದರೆ ಅವರಿಂದ ಕಲಿಯಬೇಕು ಅಲ್ವಾ?

ಮೊದಲು ತೋರಿಸಿದ್ದು ಕೀನ್ಯಾದ ಮೆಕ್ಕೆಜೋಳ. ವಿಕ್ಟೋರಿಯಾ ಸರೋವರದ ಕಡೆಯ ಚಿಕ್ಕ ಚಿಕ್ಕ ಹೊಲಗಳು. ಒಬ್ಬ ಹೆಣ್ಣುಮಗಳು ಗಿಡದ ಸುಳಿಯನ್ನು ಹೆಬ್ಬೆರಳಿನಿಂದ ಬಿಡಿಸಿ ತೋರಿಸುತ್ತಾಳೆ. ಒಳಗೆ ಹಸಿ ಕಟ್ಟಿಗೆ ಪುಡಿಯ ಹಾಗೆ ಹಿಕ್ಕೆ. ಅದನ್ನು ನೋಡಿದ್ದೇ ತಡ, ಕುಳಿತವರೆಲ್ಲ ಒಂದೇ ಸಲ "ಲದ್ದಿ ಹುಳ!" ಅಂದರು. ಮಾತು ಒಂದಕ್ಷರ ತಿಳಿಯಬೇಕಾಗಿರಲಿಲ್ಲ. ಮೆಕ್ಕೆಜೋಳದ ಸುಳಿ ತಿನ್ನುವ ಈ ಹುಳು (ಫಾಲ್ ಆರ್ಮಿವರ್ಮ್) ಅಮೆರಿಕದ್ದು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿತು, 2018ರಲ್ಲಿ ಭಾರತಕ್ಕೆ ಬಂತು. ಭಾರತದಲ್ಲಿ ಮೊದಲು ಸಿಕ್ಕಿದ್ದೂ ನಮ್ಮ ರಾಜ್ಯದಲ್ಲೇ, ಶಿವಮೊಗ್ಗದಲ್ಲಿ. ಅಂದರೆ ಅವರು ನಮಗಿಂತ ಎರಡು ವರ್ಷ ಮುಂಚೆ ಇದರ ಕೈಗೆ ಸಿಕ್ಕವರು.

ಅವರ ಉಪಾಯ ಹೀಗಿದೆ, ಮೊದಲು ಮಾಡಿದ್ದು ದಂಟು ಕೊರೆಯುವ ಕಾಂಡಕೊರಕ ಹುಳುವಿಗೆ. ಮೆಕ್ಕೆಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಅನ್ನುವ ಹಬ್ಬುವ ಮೇವಿನ ಗಿಡ. ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂನ ವಾಸನೆಗೆ ಕಾಂಡಕೊರಕದ ಪತಂಗ ಹೊಲದೊಳಗೆ ನಿಲ್ಲುವುದಿಲ್ಲ. ಸುತ್ತಲಿನ ಹುಲ್ಲು ಅದನ್ನು ತನ್ನ ಕಡೆ ಕರೆಯುತ್ತದೆ. ಅಲ್ಲಿ ಮೊಟ್ಟೆ ಇಟ್ಟರೆ, ಮರಿಹುಳು ಹುಲ್ಲಿನ ಅಂಟಿಗೆ ಸಿಕ್ಕಿ ಬಹಳಷ್ಟು ಸಾಯುತ್ತವೆ. ಒಳಗಿನಿಂದ ತಳ್ಳುವುದು, ಹೊರಗಿನಿಂದ ಎಳೆಯುವುದು. 1990ರ ದಶಕದಲ್ಲಿ ನೈರೋಬಿಯ ಇಸಿಪೆ ಅನ್ನುವ ಕೀಟ ಸಂಶೋಧನಾ ಕೇಂದ್ರದವರು, ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನವರು ಮತ್ತು ಕೀನ್ಯಾದ ಕೃಷಿ ವಿಜ್ಞಾನಿಗಳು ಸೇರಿ ಇದನ್ನು ರೂಪಿಸಿದರು. ಮುಂದೆ ನಿಂತು ಮಾಡಿಸಿದ ಜಿಯಾವುರ್ ಖಾನ್ ಭಾರತ ಮೂಲದವರು. ಆಮೇಲೆ ಒಣ ಹವೆಗೆ ತಡೆಯುವ ಬ್ರಾಕಿಯೇರಿಯಾ ಹುಲ್ಲು ಮತ್ತು ಇನ್ನೊಂದು ಜಾತಿಯ ಡೆಸ್ಮೋಡಿಯಂ ಹಾಕಿ ನೋಡಿದರು. ಹಾಗೆ ಮಾಡಿದ ಹೊಲದಲ್ಲಿ ಲದ್ದಿ ಹುಳು ಶೇ 80ಕ್ಕಿಂತ ಜಾಸ್ತಿ ಕಡಿಮೆ ಇತ್ತು ಅಂತ 2018ರಲ್ಲಿ ಅವರೇ ಪ್ರಕಟಿಸಿದ್ದಾರೆ.

ಇನ್ನೂ ಒಂದು ಲಾಭ ಇದೆ. ಜೋಳದ ಬೇರಿಗೆ ಅಂಟಿಕೊಂಡು ರಸ ಹೀರುವ ಸ್ಟ್ರೈಗಾ ಕಳೆ ಇದೆಯಲ್ಲ, ಡೆಸ್ಮೋಡಿಯಂ ಬೇರು ಬಿಡುವ ರಸಕ್ಕೆ ಅದರ ಬೀಜ ಮೊಳಕೆಯೇನೋ ಒಡೆಯುತ್ತದೆ, ಆದರೆ ಅದೇ ರಸ ಮೊಳಕೆ ಬೆಳೆಯದ ಹಾಗೆ ತಡೆಯುವುದರಿಂದ ಜೋಳದ ಬೇರಿಗೆ ಅಂಟಿಕೊಳ್ಳಲಾಗದೆ ಸಾಯುತ್ತದೆ. ಮೇಲಿಂದ ದನಕ್ಕೆ ಮೇವು. ನಮ್ಮ ಹಿರಿಯರು ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಬಿತ್ತಿ ಹಾಕುತ್ತಿದ್ದ ಅಕ್ಕಡಿ ಸಾಲಿಗೆ ಇದು ದೂರದ ನೆಂಟ ಅಂತ ನನಗೆ ಅನಿಸಿತು. ಹತ್ತಿ, ಮೆಕ್ಕೆಜೋಳ ಒಂದನ್ನೇ ಹಾಕುವ ಚಟ ಹತ್ತಿದ ಮೇಲೆ ಅಕ್ಕಡಿಯನ್ನು ನಾವೇ ಬಿಟ್ಟದ್ದು.

ಈಗ ಕಹಿ ಮಾತು. ವಿಡಿಯೊ ನೋಡಿ ಹುರುಪು ಬಂದು ಬೀಜ ಹುಡುಕಲು ಹೋದೆ. ಡೆಸ್ಮೋಡಿಯಂ ಬೀಜ ನಮ್ಮ ಕಡೆಯ ಅಂಗಡಿಗಳಲ್ಲಿ ಇಟ್ಟಿರುವುದಿಲ್ಲ. ಒಂದು ಅಂಗಡಿಯವರು "ಐತ್ರಿ ಅಕ್ಕಾರ, ಇದ ಅದು" ಅಂತ ಒಂದು ಪಾಕೀಟು ಮುಂದಿಟ್ಟರು. ಮೇಲೆ ನೋಡಿದರೆ ಡೆಸ್ಮಾಂಥಸ್. ಅದು ಬೇಲಿ ಮೆಂತೆ ಅಂತ ಮಾರುವ ಮೇವಿನ ಗಿಡ. ದನಕ್ಕೆ ಒಳ್ಳೆಯದೇ. ಆದರೆ ಹುಳು ಓಡಿಸುವ ಗಿಡ ಅದಲ್ಲ. ಪಾಕೀಟಿನ ಮೇಲಿನ ಅಕ್ಷರ ಪೂರ್ತಿ ಓದಿ ತೆಗೆದುಕೊಳ್ಳಿ. ಮತ್ತೊಂದು, ಕೀನ್ಯಾದ ಆ ಭಾಗಕ್ಕೆ ವರ್ಷದಲ್ಲಿ ಎರಡು ಮಳೆಗಾಲ. ಡೆಸ್ಮೋಡಿಯಂ ಒಮ್ಮೆ ಹಾಕಿದರೆ ವರ್ಷಗಟ್ಟಲೆ ನಿಲ್ಲುವ ಗಿಡ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಹೊಲಕ್ಕೆಲ್ಲ ಕುರಿ ಬಿಡುತ್ತಾರೆ. ಹಸಿರು ಕಂಡರೆ ಕುರಿ ಬಿಡುತ್ತದಾ? ಇದನ್ನು ಹುಡುಗನಿಗೆ ಕೇಳಿದೆವು. "ಬೇಲಿ ಇದ್ದವರಿಗೆ ಅಷ್ಟ ಆಗತೈತ್ರಿ" ಅಂದ. ಸರಿಯಾದ ಉತ್ತರ, ಆದರೆ ವಿಡಿಯೊ ಹಾಕುವ ಮುಂಚೆಯೇ ಹೇಳಬೇಕಿತ್ತು.

ಅದೇ ವಿಡಿಯೊದಲ್ಲಿ ಒಂದು ಪುಕ್ಕಟೆ ಉಪಾಯವೂ ಇತ್ತು. ಸುಳಿಗೆ ಒಂದು ಚಿಟಿಕೆ ಬೂದಿ ಅಥವಾ ಸಣ್ಣ ಮರಳು ಹಾಕುವುದು. ನಮ್ಮಲ್ಲಿ ಮರಳಿಗೆ ತುಸು ಸುಣ್ಣ ಬೆರೆಸಿ ಹಾಕುವವರು ಇದ್ದಾರೆ. ಮರುದಿನ ಬೆಳಗ್ಗೆಯೇ ನಮ್ಮ ಸಂಘದ ಹೆಣ್ಣುಮಕ್ಕಳು ಒಲೆಯ ಬೂದಿ ಜರಡಿ ಹಿಡಿದು ಹೊಲಕ್ಕೆ ಒಯ್ದರು. ಗಿಡ ಮೊಳಕಾಲೆತ್ತರ ಇರುವಾಗ ಮಾಡಿದರೆ ಉಪಯೋಗ ಇದೆ, ದೊಡ್ಡದಾದ ಮೇಲೆ ಸುಮ್ನೆ ಸೊಂಟ ನೋವು.

ಎರಡನೆಯದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ್ದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ನೆಲ ನೋಡಿದರೆ ನಮ್ಮ ಮರಡಿಯೇ ಅನ್ನಬೇಕು. ಕಾದು ಹೆಪ್ಪುಗಟ್ಟಿ, ಮಳೆ ಬಿದ್ದರೆ ನೀರು ಮೇಲೆ ಮೇಲೆಯೇ ಹರಿದು ಹೋಗುವ ನೆಲ. ಅಲ್ಲಿನ ರೈತರು ಬೇಸಿಗೆಯಲ್ಲೇ ಗುಂಡಿ ತೋಡುತ್ತಾರೆ. ಒಂದು ಗೇಣು ಅಗಲ, ಅರ್ಧ ಗೇಣಿಗಿಂತ ತುಸು ಜಾಸ್ತಿ ಆಳ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಹಾಗೆ ಒಟ್ಟುತ್ತಾರೆ. ಗುಂಡಿಗೆ ಒಂದೆರಡು ಬೊಗಸೆ ತಿಪ್ಪೆ ಗೊಬ್ಬರ. ಮೊದಲ ಮಳೆಗೆ ಅದರಲ್ಲೇ ಸಜ್ಜೆ, ಜೋಳ ಊರುತ್ತಾರೆ. ಹೊಲವೆಲ್ಲ ಗೊಬ್ಬರ ಚೆಲ್ಲುವ ಬದಲು ಗಿಡದ ಬಾಯಿಗೇ ಇಟ್ಟ ಹಾಗೆ. ನೀರೂ ಅಲ್ಲೇ ಇಂಗುತ್ತದೆ. ಅಲ್ಲಿ ಇದನ್ನು ಜಾಯ್ ಅನ್ನುತ್ತಾರೆ.

ಈ ಗುಂಡಿ ಅಲ್ಲಿನ ಹಳೆಯ ಪದ್ಧತಿಯೇ. ಯಾಟೆಂಗಾ ಪ್ರಾಂತ್ಯದ ಗೂರ್ಗಾ ಊರಿನ ಯಾಕೂಬಾ ಸವಾಡೊಗೊ ಅನ್ನುವ ರೈತ 1980ರ ಆಸುಪಾಸಿನ ಬರಗಾಲದಲ್ಲಿ ಅದನ್ನು ತಿದ್ದಿದರು. ಗುಂಡಿ ದೊಡ್ಡದು ಮಾಡಿದರು, ಗೊಬ್ಬರ ಹಾಕಿದರು, ಮಳೆಗೆ ಕಾಯದೆ ಬೇಸಿಗೆಯಲ್ಲೇ ತೋಡಿದರು. ಊರಿನವರು ತಲೆ ಕೆಟ್ಟಿದೆ ಅಂದರು. ಅವರು ಬೆಳೆಸಿದ ಗಿಡಗಳಿಗೆ ಬೆಂಕಿಯೂ ಬಿತ್ತು. ಗೊಬ್ಬರದ ಜೊತೆ ಬಂದ ಕಾಡುಮರದ ಬೀಜ ಅದೇ ಗುಂಡಿಗಳಲ್ಲಿ ಮೊಳೆತವು. ಅವನ್ನು ಕೀಳದೆ ಕಾದು, ಬೋಳು ನೆಲದಲ್ಲಿ ಒಂದು ಕಾಡನ್ನೇ ಎಬ್ಬಿಸಿದರು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಗೊಬ್ಬರಕ್ಕೆ ಗೆದ್ದಲು ಬರುತ್ತವೆ, ಅವು ನೆಲದಲ್ಲಿ ದಾರಿ ಕೊರೆದು ನೀರು ಇಳಿಯಲು ಸಹಾಯ ಮಾಡುತ್ತವೆ ಅಂತ ವಿಡಿಯೊ ಹೇಳಿತು. ಆಗ ನೋಡಬೇಕಿತ್ತು ಕಟ್ಟೆಯ ಮೇಲಿದ್ದ ಕಾಕಾನನ್ನು. "ಗೆದ್ದಲ ಕರದು ಕುಂದ್ರಸ್ತಾರೇನು? ಶೇಂಗಾದಾಗ ಹಿಂಗ ಮಾಡಿದ್ರ ಕಾಯಿ ಒಂದೂ ಉಳಿಯಂಗಿಲ್ಲ!" ಹುಡುಗ ವಿಡಿಯೊ ನಿಲ್ಲಿಸಿದ. "ಕಾಕಾರ, ಅವ್ರು ಇದ್ರಾಗ ಸಜ್ಜಿ, ಜೋಳ ಹಾಕ್ತಾರ್ರಿ. ಶೇಂಗಾಕ್ಕ ಮಾಡ್ರಿ ಅಂತ ನಾನೂ ಹೇಳಂಗಿಲ್ರಿ" ಅಂದ. ಇದು ನನಗೆ ಇಷ್ಟವಾಯಿತು. ಎಲ್ಲಕ್ಕೂ ಉತ್ತರ ಇದೆ ಅಂತ ಭಾಷಣ ಬಿಗಿಯುವ ಸಾಹೇಬರನ್ನು ನಾವು ಸಾಕಷ್ಟು ನೋಡಿದ್ದೇವೆ.

ನಮ್ಮ ಹೊಲದ ಮೇಲಿನ ಮೂಲೆ ಬರೀ ಗರಸು. ಅಲ್ಲಿ ಮಾತ್ರ ಗುಂಡಿ ತೋಡಿಸಿ ಸಜ್ಜೆ ಊರಿದೆ. ಮಳೆ ನಡುವೆ ಕೈಕೊಟ್ಟಾಗ ಉಳಿದ ಗರಸಿನ ಪೈರು ಬಾಡಿ ಬಿತ್ತು, ಗುಂಡಿಯದು ತಡೆದುಕೊಂಡು ತೆನೆ ಕೊಟ್ಟಿತು. ಆದರೆ ಕೂಲಿ! ಒಂದು ಹೆಕ್ಟೇರಿಗೆ ಗುಂಡಿ ತೋಡಲು ಸುಮಾರು 300 ಗಂಟೆ ಬೇಕು ಅಂತ ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಕಡೆಯ ಲೆಕ್ಕ. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ 15 ಆಳು. ಗೊಬ್ಬರ ಹೊರುವುದು ಬೇರೆ. ಇಷ್ಟು ಕೂಲಿ ಕೊಟ್ಟು ಸಜ್ಜೆ ಬೆಳೆದರೆ ಗಿಟ್ಟುವುದಿಲ್ಲ. ಮನೆಯವರೇ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪ ತೋಡಿದರೆ ಸರಿ, ಅಥವಾ ಉದ್ಯೋಗ ಖಾತ್ರಿಯಲ್ಲಿ ಬದು, ಕೃಷಿ ಹೊಂಡದ ಹಾಗೆ ಇದಕ್ಕೂ ಕೂಲಿ ಸಿಕ್ಕರೆ ಸರಿ. ಗ್ರಾಮಸಭೆಯಲ್ಲಿ ಕೇಳೋಣ ಅಂತ ನಮ್ಮವರು ಬರೆದಿಟ್ಟುಕೊಂಡಿದ್ದಾರೆ. ಎರಿ (ಕಪ್ಪು ಮಣ್ಣಿನ) ಹೊಲದವರು ಇದರ ಗೋಜಿಗೆ ಹೋಗಬೇಡಿ, ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಗೊಬ್ಬರದ ವಿಚಾರಕ್ಕೆ ಬಂದರೆ, ನೈಜರ್, ಮಾಲಿ ಕಡೆ ಫುಲಾನಿ ದನಗಾಹಿಗಳನ್ನು ಕರೆದು ಹೊಲದಲ್ಲಿ ದನ ತರುಬಿಸುತ್ತಾರೆ, ಅಂದರೆ ಗೊಬ್ಬರಕ್ಕಾಗಿ ಹೊಲದಲ್ಲೇ ಕೂಡಿಹಾಕಿಸುತ್ತಾರೆ. ಸುಗ್ಗಿಯಾದ ಮೇಲೆ ನಾವು ಕುರಿ ತರುಬಿಸುತ್ತೇವಲ್ಲ, ಅದೇ ಪದ್ಧತಿ. ದುಡ್ಡೋ ಕಾಳೋ ಕೊಡುವ ಮಾತುಕತೆಯೂ ಹಾಗೇ. ಇದಕ್ಕೆ ಯಾವ ವಿಡಿಯೊ ಬೇಕಿರಲಿಲ್ಲ, ಆದರೂ ನೋಡಿ ನಮ್ಮೂರ ಕುರಿಗಾರರ ಎದೆ ಉಬ್ಬಿತು.

ನೈಜರ್ ದೇಶದ್ದೇ ಇನ್ನೊಂದು ಇತ್ತು, ಮರದ ಕುರಿತು. ಹೊಲದಲ್ಲಿ ಕಡಿದ ಮರದ ಬೊಡ್ಡೆ ಚಿಗುರುತ್ತದೆ, ಬಿತ್ತುವ ಮುಂಚೆ ಅದನ್ನು ಸವರಿ ಹಾಕುತ್ತೇವೆ. ಅವರು ಸವರುವುದು ಬಿಟ್ಟರು. ನಾಲ್ಕೈದು ಗಟ್ಟಿ ಚಿಗುರು ಉಳಿಸಿ, ಉಳಿದದ್ದು ಉರುವಲಿಗೆ. 1980ರ ದಶಕದಲ್ಲಿ ಮರಾಡಿ ಕಡೆ ಟೋನಿ ರಿನಾಡೊ ಅನ್ನುವ ಆಸ್ಟ್ರೇಲಿಯಾದವರು ರೈತರ ಜೊತೆ ಶುರು ಮಾಡಿದ್ದು, ಸುಮಾರು 50 ಲಕ್ಷ ಹೆಕ್ಟೇರಿಗೆ ಹಬ್ಬಿತು. ಸಸಿ ಇಲ್ಲ, ನೀರು ಹೊರುವುದಿಲ್ಲ, ಖರ್ಚು ಇಲ್ಲ. ಮರವೆಲ್ಲ ಸರ್ಕಾರದ್ದು ಅನ್ನುವ ಬಿಗಿ ಸಡಿಲವಾದ ಮೇಲೆ ರೈತರಿಗೆ ಉಳಿಸುವ ಮನಸ್ಸು ಬಂತಂತೆ. ಅಲ್ಲಿ ಗಾವೊ ಅನ್ನುವ ಜಾಲಿಯ ಕುಲದ ಮರ ಇದೆ. ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಹಸಿರು. ಹಾಗಾಗಿ ಬೆಳೆಗೆ ನೆರಳಿನ ಕಾಟ ಇಲ್ಲ. "ನಮ್ಮ ಬನ್ನಿ ಗಿಡ ಏನು ಕಡಿಮಿ?" ಅಂದಳು ನಮ್ಮ ಹಿರಿಯಾಕೆ. ಅದೂ ನಿಜ. ದಸರಾಕ್ಕೆ ಎಲೆ ಹಂಚುವಷ್ಟಕ್ಕೆ ಬನ್ನಿಯ ನೆನಪು ನಮಗೆ.

ಹತ್ತಿಯದು ಕೊನೆಗಿತ್ತು, ಆಗಲೇ ಅರ್ಧ ಜನ ಎದ್ದಿದ್ದರು. ಬೆನಿನ್ ದೇಶದಲ್ಲಿ 1999-2000ರ ಹತ್ತಿ ಹಂಗಾಮಿನಲ್ಲಿ ಎಂಡೋಸಲ್ಫಾನ್ ವಿಷಕ್ಕೆ ಹಲವರು ಸತ್ತರು. ಆಮೇಲೆ ಅಲ್ಲಿ ಒಂದು ಸಂಸ್ಥೆ ರೈತರಿಗೆ ಬೇರೆ ದಾರಿ ಕಲಿಸಿತು. ಹೊಲಕ್ಕೆ ವಿಷದ ಬದಲು ಒಂದು ಬಗೆಯ ಆಹಾರ ಸಿಂಪಡಿಸುವುದು. ಅದರ ವಾಸನೆಗೆ ಹುಳು ತಿನ್ನುವ ಮಿತ್ರಕೀಟಗಳು ಬರುತ್ತವೆ, ಹತ್ತಿಯ ಹುಳುವನ್ನು ಅವೇ ನೋಡಿಕೊಳ್ಳುತ್ತವೆ. ನನ್ನ ತಂಗಿಯನ್ನು ಮಾನ್ವಿಗೆ ಕೊಟ್ಟಿದ್ದೇವೆ. ಅವರ ಮನೆಯಲ್ಲಿ ಹತ್ತಿ ಬಿಟ್ಟರೆ ಬೇರೆ ಮಾತಿಲ್ಲ. ಫೋನಿನಲ್ಲಿ ಹೇಳಿದರೆ, "ಅಕ್ಕಾ, ಬೀಜಾನ ಬಿಟಿ ಅದಾವ, ಸಾವಯವ ಎಲ್ಲಿಂದ ಬರ್ಬೇಕು?" ಅಂದಳು. ಖರೆ ಮಾತು. ಸಾವಯವ ಪ್ರಮಾಣಪತ್ರಕ್ಕೆ ಬಿಟಿಯಂಥ ಕುಲಾಂತರಿ ಬೀಜ ನಡೆಯುವುದಿಲ್ಲ. ರಾಯಚೂರು ಸೀಮೆಯ ಅಂಗಡಿಯಲ್ಲಿ ಬಿಟಿ ಅಲ್ಲದ ಹತ್ತಿ ಬೀಜ ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡುತ್ತಾರೆ.

ಇನ್ನು ಕೊರತೆ. ಎಲ್ಲಕ್ಕಿಂತ ದೊಡ್ಡದು: ಮಾರುವ ಮಾತೇ ಇಲ್ಲ. ಬೆಳೆದರಾಯಿತಾ? ರೇಟು? 2010ರಲ್ಲಿ ಆಫ್ರಿಕನ್ ಒಕ್ಕೂಟ ಸಾವಯವ ಬೇಸಾಯ ಬೆಳೆಸುವ ನಿರ್ಣಯ ಮಾಡಿದೆ. ಕೀನ್ಯಾ, ಉಗಾಂಡಾ, ಇಥಿಯೋಪಿಯಾ, ಬೆನಿನ್, ಮಾಲಿ ಹೀಗೆ ಹಲವು ದೇಶಗಳಲ್ಲಿ ಅದರ ಕೆಲಸ ನಡೆದಿದೆ. ಪೂರ್ವ ಆಫ್ರಿಕಾದ ದೇಶಗಳು 2007ರಲ್ಲೇ ಸೇರಿಕೊಂಡು ಒಂದೇ ಸಾವಯವ ಮಾನದಂಡ ಮಾಡಿಕೊಂಡಿವೆ. ಉಗಾಂಡಾದಲ್ಲಿ ಲಕ್ಷಕ್ಕೂ ಹೆಚ್ಚು ಸಾವಯವ ರೈತರಿದ್ದಾರೆ. ಇಷ್ಟೆಲ್ಲ ಇದ್ದರೂ ಇಡೀ ಆಫ್ರಿಕಾದ ಬೇಸಾಯದ ನೆಲದಲ್ಲಿ ಪ್ರಮಾಣಪತ್ರ ಪಡೆದ ಸಾವಯವ ನೆಲ ಶೇ 1ರಷ್ಟೂ ಇಲ್ಲ. ಆ ನೆಲದಲ್ಲೂ ಕಾಫಿ, ಕೋಕೊ, ಎಳ್ಳು, ಹತ್ತಿಯಂಥ ಹೊರದೇಶಕ್ಕೆ ಹೋಗುವ ಬೆಳೆಗಳದ್ದೇ ದೊಡ್ಡ ಪಾಲು. ಅಲ್ಲಿಯ ಎಷ್ಟೋ ಸರ್ಕಾರಗಳು ಒಂದು ಕೈಯಲ್ಲಿ ರಾಸಾಯನಿಕ ಗೊಬ್ಬರಕ್ಕೆ ಸಬ್ಸಿಡಿಯನ್ನೂ ಕೊಡುತ್ತವೆ. ನಮ್ಮಲ್ಲೂ 2004ರಲ್ಲೇ ಸಾವಯವ ಕೃಷಿ ನೀತಿ ಬಂದಿದೆ, ಯೂರಿಯಾ ಅಂಗಡಿ ಮುಂದಿನ ಸಾಲೂ ಇದೆ. ನಮಗೆ ತೋರಿಸಿದ ವಿಡಿಯೊಗಳಲ್ಲಿ ಈ ಜಗ್ಗಾಟ ಕಾಣಲಿಲ್ಲ, ಬರೀ ಗೆದ್ದವರ ಹೊಲ ಕಂಡಿತು. ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಪದ್ಧತಿ ಅಲ್ಲೂ ಇದೆ, ನಮ್ಮಲ್ಲಿ ಪಿಜಿಎಸ್ ಅಂತ ಇದೆ. ಅದರದ್ದೊಂದು ತೋರಿಸಿದ್ದರೆ ನಮ್ಮ ಸಂಘಕ್ಕೆ ಕೂಡಲೇ ಉಪಯೋಗಕ್ಕೆ ಬರುತ್ತಿತ್ತು.

ಸ್ಪೀಕರ್ ಸಣ್ಣದು. ಹಿಂದಿನ ಸಾಲಿಗೆ ಗಾಳಿ ಬಂದರೆ ಕೇಳುವುದಿಲ್ಲ. ಕೆಲವು ವಿಡಿಯೊಗೆ ಕನ್ನಡ ಧ್ವನಿ ಇತ್ತು, ಕೆಲವು ಇಂಗ್ಲಿಷಿನಲ್ಲೇ ಇದ್ದವು. ಅಂಥವಕ್ಕೆ ಹುಡುಗನೇ ನಿಂತು ಹೇಳುತ್ತಾನೆ. ಅವನ ಬಾಯಲ್ಲಿ ಕೇಳಿದ್ದೇ ನಮಗೆ ಚೆನ್ನಾಗಿ ತಿಳಿಯಿತು, ಆದರೆ ಅವಸರ ಜಾಸ್ತಿ.

"ಯೂಟ್ಯೂಬಿನಾಗ ಪುಕ್ಕಟೆ ಸಿಗತಾವಲ್ಲ, 800 ಯಾಕ?" ಅಂತ ಗಂಡಸರು ಕೇಳಿದರು. ಸಿಗುತ್ತವೆ. ಆಕ್ಸೆಸ್ ಅಗ್ರಿಕಲ್ಚರ್ ಅನ್ನುವ ಲಾಭ ನೋಡದ ಸಂಸ್ಥೆ ಇಂಥ ರೈತರ ವಿಡಿಯೊಗಳನ್ನು ಹತ್ತಾರು ಭಾಷೆಯಲ್ಲಿ ಇಂಟರ್ನೆಟ್ಟಿಗೆ ಹಾಕಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಮೊಬೈಲ್ ಇರುವುದು ಗಂಡಸರ ಜೇಬಿನಲ್ಲಿ. ನೋಡುವುದು ಒಬ್ಬರೇ. ಕಾಕಾ ಗೆದ್ದಲಿನ ಪ್ರಶ್ನೆ ಕೇಳಿದ್ದು ಎಲ್ಲರೂ ಕೂಡಿ ಕುಳಿತಿದ್ದಕ್ಕೆ. 800 ಕೊಟ್ಟಿದ್ದು ಅದಕ್ಕೆ.

ಕರೆಸುವವರು ಸಂಕ್ರಾಂತಿ ಕಳೆದ ಮೇಲೆ, ಯುಗಾದಿಗೆ ಮುಂಚೆ ಕರೆಸಿ. ರಾಶಿ ಮುಗಿದಿರುತ್ತದೆ, ಗುಂಡಿ ತೋಡುವುದಿದ್ದರೆ ಬೇಸಿಗೆ ಮುಂದೆಯೇ ಇರುತ್ತದೆ. ನಿಮ್ಮದು ಎರಿಯೋ ಮಸಾರಿಯೋ, ಏನು ಬೆಳೆಯುತ್ತೀರಿ ಅಂತ ಫೋನಿನಲ್ಲೇ ಹೇಳಿ, ಅದಕ್ಕೆ ತಕ್ಕದ್ದು ಮೂರು ವಿಡಿಯೊ ಸಾಕು ಅನ್ನಿ. ಐದು ಹಾಕಿದರೆ ಜನ ಊಟಕ್ಕೆ ಏಳುತ್ತಾರೆ. ಒಂದೊಂದು ಮುಗಿದ ಮೇಲೂ ನಿಲ್ಲಿಸಿ ಮಾತಾಡಲು ಹೊತ್ತು ಕೊಡು ತಮ್ಮಾ ಅಂತ ಮುಂಚೆಯೇ ಹೇಳಿ. ಗುಡಿಯಲ್ಲಿ ಮೈಕ್ ಇದ್ದರೆ ಅದನ್ನೇ ಜೋಡಿಸಲು ಕೇಳಿ. ಪರದೆ ಬೇಕಿಲ್ಲ, ಶಾಲೆಯ ಸುಣ್ಣ ಬಳಿದ ಗೋಡೆ ಸಾಕು. ಮಕ್ಕಳನ್ನು ಮಾತ್ರ ಪ್ರೊಜೆಕ್ಟರ್ ಮುಂದೆ ಕೂರಿಸಬೇಡಿ. ಬುರ್ಕಿನಾ ಫಾಸೊದ ಹೊಲದ ತುಂಬ ನಮ್ಮೂರ ಹುಡುಗರ ಕೈ ನೆರಳಿನ ನಾಯಿ, ಮೊಲ ಓಡಾಡಿದವು.